ಮಾಟುಂಗದ 400 ಅಡಿ, ಡೊಂಬಿವಲಿಯ 650 ಅಡಿ

1988ರಲ್ಲಿ ಅಪ್ಪ ಮಾಟುಂಗದ ಚಾಳಿನ ಪಗಡಿ ಖೋಲಿ ಬಿಟ್ಟುಕೊಟ್ಟರು. ಬಂದ ಹಣದಲ್ಲಿ ಮನೆಮಾಲೀಕರ ಪಾಲು ಕೊಟ್ಟು, ಉಳಿದದ್ದಕ್ಕೆ ಸಾಲ ಸೇರಿಸಿ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ ಕೊಂಡರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಆದರೆ ಸ್ವಂತದ್ದು, ಬೆಳಿಗ್ಗೆ ಶೌಚಕ್ಕೆ ಸಾಲು ನಿಲ್ಲಬೇಕಿರಲಿಲ್ಲ. ‘ಯಾರಾದರೂ ಮಾಟುಂಗ ಬಿಡುತ್ತಾರೆಯೇ?’ ಎಂದು ನೆಂಟರು ನಕ್ಕರು.

ಹೋದ ವರ್ಷ ಅದೇ ಪ್ರಶ್ನೆ ನನ್ನೆದುರು ಬಂತು. ಅಪ್ಪ ಈಗಿಲ್ಲ. ಮಂಡಿನೋವಿನಿಂದ ಅಮ್ಮ ಕೆಳಗಿಳಿಯುವುದನ್ನೇ ಬಿಟ್ಟಿದ್ದರು. ಹಳೆಯ ಮನೆ ಮಾರಿ ಲಿಫ್ಟ್ ಇರುವ ಮನೆ ಕೊಳ್ಳಬೇಕು. ‘ಹೇಗೂ ಕೊಳ್ಳುತ್ತೀ, ಒಳ್ಳೆಯ ಹೂಡಿಕೆಯೂ ಆಗಲಿ’ ಎಂದು ಎಲ್ಲರ ಸಲಹೆ.

ಎರಡು ಮನೆ ನೋಡಿದೆ. ಮಾಟುಂಗದ ಹಳೆಯ ಸೊಸೈಟಿಯಲ್ಲಿ 400 ಚದರಡಿ ಕಾರ್ಪೆಟ್, 1.60 ಕೋಟಿ. ಡೊಂಬಿವಲಿಯ ಅಂಚಿನ ಹೊಸ ಟವರಿನಲ್ಲಿ 650 ಚದರಡಿ, 78 ಲಕ್ಷ. ಈಜುಕೊಳ, ಕ್ಲಬ್‌ಹೌಸ್ ಎಲ್ಲ ಉಂಟು. ನೋಡಿದ ಕೂಡಲೇ ಎರಡನೆಯದೇ ಲಾಭ ಅನಿಸಿತು.

ರಾತ್ರಿ ಕೂತು ಬಾಡಿಗೆಯ ಲೆಕ್ಕ ಹಾಕಿದೆ. ಮಾಟುಂಗದಲ್ಲಿ ತಿಂಗಳಿಗೆ 45,000 ಬರುತ್ತದೆ, ಮೇಂಟೆನೆನ್ಸ್ 3,000. ಡೊಂಬಿವಲಿಯಲ್ಲಿ 18,000 ಬರುತ್ತದೆ, ಈಜುಕೊಳದ ದೆಸೆಯಿಂದ ಮೇಂಟೆನೆನ್ಸ್ 5,000. ಹಾಕಿದ ದುಡ್ಡಿಗೆ ಮೊದಲನೆಯದು ವರ್ಷಕ್ಕೆ ಶೇ. 3ರಷ್ಟು, ಎರಡನೆಯದು ಶೇ. 2. ಬ್ಯಾಂಕಿನ ಠೇವಣಿ ಎರಡಕ್ಕಿಂತಲೂ ಮೇಲು.

ಹೀಗಿದ್ದರೂ ಜನ ಕೊಳ್ಳುವುದು ಬೆಲೆ ಏರುತ್ತದೆಂದು. ಏರುವುದು ಗೋಡೆಯ ಬೆಲೆಯಲ್ಲ, ನೆಲದ ಬೆಲೆ. ಮಾಟುಂಗದಲ್ಲಿ ಖಾಲಿ ನೆಲವಿಲ್ಲ. ಡೊಂಬಿವಲಿಯಾಚೆ ಇನ್ನೂ ಇದೆ. ನಾನು ಮಾರಲು ಹೊರಟ ದಿನ ಪಕ್ಕದಲ್ಲೇ ಬಿಲ್ಡರ್ ಹೊಸ ಟವರ್ ಮಾರುತ್ತಿರುತ್ತಾನೆ. ಹಾಗೆಂದು ಮಾಟುಂಗವೂ ನಿಶ್ಚಿಂತೆಯಲ್ಲ. ಆ ಸೊಸೈಟಿಗೆ ನೆಲದ ಕನ್ವೇಯನ್ಸೇ ಆಗಿರಲಿಲ್ಲ. ಹಳೆಯ ಕಟ್ಟಡ ಕೊಳ್ಳುವವರು ಮೊದಲು ಕೇಳಬೇಕಾದ ಕಾಗದ ಅದು. ನೆಲ ಸೊಸೈಟಿಯ ಹೆಸರಿಗೆ ಬಾರದಿದ್ದರೆ ಪುನರ್ನಿರ್ಮಾಣ ವರ್ಷಗಟ್ಟಲೆ ತಡೆಯುತ್ತದೆ.

ಅಪ್ಪನ ಲೆಕ್ಕವನ್ನೂ ಮಾಡಿದೆ. ಅವರ ಕಚೇರಿ ಫೋರ್ಟಿನಲ್ಲಿ. ಮಾಟುಂಗ ಬಿಟ್ಟದ್ದರಿಂದ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಪಯಣ. ವರ್ಷಕ್ಕೆ 280 ದಿನ, 28 ವರ್ಷ. ಹಗಲೂ ರಾತ್ರಿ ಸೇರಿಸಿ 490 ದಿನ, ಹೆಚ್ಚಿನದು ಲೋಕಲ್ಲಿನಲ್ಲಿ ನಿಂತುಕೊಂಡೇ. ಡೊಂಬಿವಲಿ ಅಗ್ಗವಾಗಿರಲಿಲ್ಲ, ಅಪ್ಪ ಉಳಿದ ಹಣವನ್ನು ಕಂತಿನಲ್ಲಿ ಕಟ್ಟಿದ್ದರು. ಅಲ್ಲಿ ಬಾಡಿಗೆ ಕಡಿಮೆ ಇರುವುದೂ ಅದಕ್ಕೇ. ಬಾಡಿಗೆದಾರ ಉಳಿದದ್ದನ್ನು ರೈಲಿನಲ್ಲಿ ಕಟ್ಟುತ್ತಾನೆ.

ಹೂಡಿಕೆಯಾದರೆ ಕನ್ವೇಯನ್ಸ್ ಆಗಿರುವ ಮಾಟುಂಗದ ಮನೆಯೇ ಸರಿ ಎಂದು ತೀರ್ಮಾನಿಸಿ ಅಮ್ಮನಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ‘ಮಾಟುಂಗದಲ್ಲಿ ನನಗೆ ಈಗ ಯಾರುಂಟು ಮಗಾ? ನಾನು ರೈಲು ಹತ್ತುವವಳಲ್ಲ, ಮೆಟ್ಟಿಲು ಹತ್ತುವವಳು’ ಅಂದರು.

ಡೊಂಬಿವಲಿಯಲ್ಲೇ, ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿ, ಲಿಫ್ಟ್ ಇರುವ ಹದಿನೈದು ವರ್ಷದ ಕಟ್ಟಡದಲ್ಲಿ ಮನೆ ಕೊಂಡೆವು. ಈಜುಕೊಳವಿಲ್ಲ. ಉಳಿದ ದುಡ್ಡು ಠೇವಣಿಯಲ್ಲಿದೆ. ಇದು ಹೂಡಿಕೆಯಲ್ಲ ಎಂದು ಗೊತ್ತಿದ್ದೇ ಕೊಂಡದ್ದು. ಅಮ್ಮ ಈಗ ದಿನಾ ಸಂಜೆ ತಾವೇ ಕೆಳಗಿಳಿದು ಬಸಳೆ ತರುತ್ತಾರೆ.