ಬಾಣಾವರ ಖಾಲಿ ಬಿಟ್ಟ ದಿನಗಳು

ಉದ್ದನೆಯ ಲೆಕ್ಕದ ಪುಸ್ತಕವೊಂದು ಈಗಲೂ ನನ್ನ ಬೀರುವಿನಲ್ಲಿದೆ. ಮೊದಲ ಎಂಟು ಪುಟ ಅಪ್ಪನ ಕೊಬ್ಬರಿ ಲೆಕ್ಕ. ಒಂಬತ್ತನೆಯ ಪುಟದಿಂದ ತಮ್ಮನ ಗುಂಡನೆಯ ಅಕ್ಷರ ಶುರುವಾಗುತ್ತದೆ. ‘ಖಾಲಿ ಊರು ಕಂಡರೆ ಬಿಡಲ್ಲ.’ ಅದರ ಕೆಳಗೆ, ‘ಕೈಯಲ್ಲಿ ದುಡ್ಡು ನಿಲ್ಲಲ್ಲ.’ ಇನ್ನೂ ಕೆಳಗೆ, ಎರಡು ಅಡಿಗೆರೆ ಎಳೆದು, ‘ಹೊರಟ ಕೆಲಸ ಮರೆತುಬಿಡುತ್ತೆ.’ ಗೊತ್ತಿಲ್ಲದವರು ಓದಿದರೆ ಯಾರೋ ನೆಂಟರ ಗುಣಾವಗುಣ ಬರೆದಿಟ್ಟಿದ್ದಾರೆ ಅಂದುಕೊಳ್ಳಬೇಕು. ನೆಂಟನಲ್ಲ, ಅದು ನಮ್ಮ ಕಂಪ್ಯೂಟರ್. ಸಿವಿಲೈಸೇಷನ್ ತ್ರೀ ಆಟದಲ್ಲಿ ನಮ್ಮ ಎದುರಿಗೆ ಕೂರುತ್ತಿದ್ದ ಕಂಪ್ಯೂಟರ್.

2001ರಲ್ಲಿ ಬಂದ ಆಟ ಅದು. ನಮ್ಮ ಮನೆಗೆ ಬರುವ ಹೊತ್ತಿಗೆ ಎರಡು ವರ್ಷ ಹಳತಾಗಿತ್ತು. ಕ್ರಿ.ಪೂ. 4000ರಲ್ಲಿ ಒಂದು ಊರು ಕಟ್ಟಿ ಶುರು ಮಾಡಬೇಕು. ನಾವೊಂದು ಟರ್ನ್ ಆಡಿದರೆ ಉಳಿದ ರಾಜ್ಯಗಳನ್ನೆಲ್ಲ ಕಂಪ್ಯೂಟರ್ ತಾನೇ ಆಡಿಸುತ್ತದೆ. ದೊಡ್ಡ ನಕ್ಷೆಯಾದರೆ ಅದರ ಸರದಿ ಮುಗಿಯಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಅಷ್ಟರಲ್ಲಿ ನಾವು ಮಂಡಕ್ಕಿ ತಿನ್ನುತ್ತ ಮುಂದಿನ ಮಸಲತ್ತು ಮಾಡುತ್ತಿದ್ದೆವು. ಭಾರತವನ್ನು ಆರಿಸಿಕೊಂಡರೆ ಆಟವೇ ಊರುಗಳಿಗೆ ಹೆಸರು ಸೂಚಿಸುತ್ತದೆ, ಆದರೆ ನಮಗೆ ಬೇಕಾದದ್ದನ್ನೂ ಬರೆಯಬಹುದು. ಆಟ ಶುರುವಾಗುವ ಊರಿಗೆ ದೆಹಲಿ ಎನ್ನಲು ತಮ್ಮ ಒಪ್ಪಲಿಲ್ಲ. ರೈಲು ದಾರಿಯ ಸ್ಟೇಷನ್ನುಗಳನ್ನೇ ಸಾಲಾಗಿ ಇಟ್ಟ: ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು.

ಆ ಬಾಣಾವರದಲ್ಲೇ ಮೊದಲ ಗುಟ್ಟು ಸಿಕ್ಕಿದ್ದು. ಪಕ್ಕದ ರಾಜ್ಯ ಯುದ್ಧ ಸಾರಿ ಹದಿನೈದಿಪ್ಪತ್ತು ತುಕಡಿಗಳನ್ನು ನಮ್ಮ ಗಡಿಯೊಳಗೆ ನುಗ್ಗಿಸಿತ್ತು. ನಮ್ಮ ಹತ್ತಿರ ಇದ್ದದ್ದು ನಾಲ್ಕು ಭರ್ಜಿಯವರು, ಎರಡು ಕವಣೆಯಂತ್ರ. ಆತುರದಲ್ಲಿ ತಮ್ಮ ಬಾಣಾವರದ ಕಾವಲಿನವರನ್ನು ಕಡೂರಿಗೆ ಕಳಿಸಿಬಿಟ್ಟ. ಊರು ಬರಿದಾಯಿತು. ಕಡೂರಿನ ಬಾಗಿಲಿಗೆ ಬಂದಿದ್ದ ದಂಡು ಮರುಟರ್ನಿನಲ್ಲಿ ಕಡೂರನ್ನು ಬಿಟ್ಟು ಬಾಣಾವರದ ಕಡೆ ತಿರುಗಿತು! ಮುಗೀತು ಅಂತ ನಾನು ಎದ್ದೆ. ಅವನು ಏಳಲಿಲ್ಲ, ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಲೇ ಇದ್ದ. ದಂಡು ಊರಿಗೆ ಒಂದು ಚೌಕ ದೂರ ಇರುವಾಗ ಭರ್ಜಿಯವರನ್ನು ರಸ್ತೆ ಹಿಡಿಸಿ ವಾಪಸು ಕರೆಸಿದ. ಈಗ ಕಡೂರು ಖಾಲಿ. ದಂಡು ನಿಂತಿತು. ಮತ್ತೆ ಕಡೂರಿನ ಕಡೆ ಹೊರಟಿತು.

ಆ ರಾತ್ರಿ ಸುಮಾರು ಮೂವತ್ತು ಟರ್ನು ಅದೇ ನಡೆಯಿತು. ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ. ರಸ್ತೆ ಬದಿಯಿಂದ ನಮ್ಮ ಕವಣೆಗಳು ಕಲ್ಲು ಬೀರುತ್ತಲೇ ಇದ್ದವು. ಇಡೀ ಸೈನ್ಯ ನಮ್ಮ ಹೊಲದಲ್ಲಿ ಅಲೆಯುತ್ತಿದ್ದುದರಿಂದ ಅವರ ಮನೆಯ ಕಾವಲು ತೆಳುವಾಗಿತ್ತು. ಹೊಸದಾಗಿ ಕಟ್ಟಿದ ಐದಾರು ಕತ್ತಿವೀರರನ್ನು ಆ ಕಡೆಯಿಂದ ಕಳಿಸಿ ಒಂದೊಂದೇ ಊರು ಹಿಡಿದೆವು. ಗೆಲ್ಲಲು ಒಂದು ವಾರ ಬೇಕು ಎಂದುಕೊಂಡಿದ್ದ ರಾಜ್ಯ ಒಂದೇ ರಾತ್ರಿಗೆ ಕೈಗೆ ಬಂತು.

ಕಾರಣ ತಿಳಿಯಲು ಇನ್ನೊಂದು ತಿಂಗಳು ಹಿಡಿಯಿತು. ತಮ್ಮ ಒಂದೊಂದೇ ಮಾಡಿ ನೋಡಿ ಪುಸ್ತಕಕ್ಕೆ ಇಳಿಸಿದ. ನಮ್ಮ ಯಾವ ಊರಿನಲ್ಲಿ ಎಷ್ಟು ಜನ ಇದ್ದಾರೆಂಬುದು ಕಂಪ್ಯೂಟರಿಗೆ ಕಣ್ಣಿಗೆ ಬೀಳದೆಯೂ ಗೊತ್ತಿರುತ್ತದೆ. ಆ ಹೊತ್ತಿಗೆ ಅತಿ ದುರ್ಬಲವಾದದ್ದು ಯಾವುದೋ ಅದೇ ಅದರ ಗುರಿ. ಹಿಂದಿನ ಟರ್ನಿನಲ್ಲಿ ಏನು ನಿಶ್ಚಯಿಸಿದ್ದೆ ಎಂಬುದು ಅದಕ್ಕೆ ಮುಖ್ಯವಲ್ಲ. ಮೇಲಾಗಿ, ಯುದ್ಧದಲ್ಲಿ ಶತ್ರುವಿನ ನೆಲದ ರಸ್ತೆಗಳು ಅತಿಥಿಗೆ ಉಪಯೋಗಕ್ಕಿಲ್ಲ. ಅವರ ಕಾಲಾಳು ಟರ್ನಿಗೆ ಒಂದು ಚೌಕ ನಡೆದರೆ ನಮ್ಮವರು ರಸ್ತೆಯಲ್ಲಿ ಮೂರು ಚೌಕ ಓಡುತ್ತಾರೆ. ಎಲ್ಲವನ್ನೂ ಕಾಣುವ ಶಕ್ತಿಯೇ ಅದನ್ನು ಅಲೆಯುವಂತೆ ಮಾಡಿತ್ತು. ಹದಿನಾಲ್ಕು ವರ್ಷದ ಹುಡುಗ ಇದನ್ನು ಯಾರೂ ಹೇಳಿಕೊಡದೆ, ಬರೀ ನೋಡಿ ನೋಡಿ ಕಂಡುಕೊಂಡದ್ದು ನನಗೆ ಇಂದಿಗೂ ಹೆಮ್ಮೆ.

‘ಕೈಯಲ್ಲಿ ದುಡ್ಡು ನಿಲ್ಲಲ್ಲ’ ಎಂಬುದು ವ್ಯಾಪಾರದ ಗುಟ್ಟು. ಒಬ್ಬ ರಾಜನಿಂದ ಹೊಸ ವಿದ್ಯೆಯೊಂದನ್ನು ಕೊಂಡು ಅದೇ ಟರ್ನಿನಲ್ಲಿ ಉಳಿದ ಎಲ್ಲರಿಗೂ ಮಾರಿದರೆ ಅವರು ಬೊಕ್ಕಸ ಬರಿದು ಮಾಡಿ ಕೊಡುತ್ತಿದ್ದರು. ಮಂಡಿ ದಲ್ಲಾಳಿಗಳನ್ನು ನೋಡಿ ಬೆಳೆದವರಿಗೆ ಇದು ಬೇಗ ಹೊಳೆಯಿತು.

ಇದನ್ನು ಮೋಸ ಎಂದವರುಂಟು. ನಾನು ಒಪ್ಪುವುದಿಲ್ಲ. ಆಟದ ಅತಿ ಕಠಿಣ ಮಟ್ಟವಾದ ಡೀಟಿಯಲ್ಲಿ ನಾವು 10 ಪಾಲು ದುಡಿದು ಕಟ್ಟುವುದನ್ನು ಕಂಪ್ಯೂಟರ್ 6 ಪಾಲಿಗೆ ಕಟ್ಟುತ್ತದೆ. ಅಷ್ಟು ಮುಂದಿರುವ ಎದುರಾಳಿಯನ್ನು ಗೆಲ್ಲಲು ಅದರ ಸ್ವಭಾವ ತಿಳಿಯುವುದೊಂದೇ ದಾರಿ. ಆ ಆಟದ ಎದುರಾಳಿ ಬುದ್ಧಿಯನ್ನು ಬರೆದ ಸೊರೆನ್ ಜಾನ್ಸನ್ 2008ರಲ್ಲಿ ಆಟ ತಯಾರಕರ ಸಮ್ಮೇಳನದಲ್ಲಿ ಮಾಡಿದ ಭಾಷಣದ ಶೀರ್ಷಿಕೆಯೇ ‘ಸೋಲಲು ಆಡುವುದು’ ಎಂಬ ಅರ್ಥದ್ದು. ಅದನ್ನು ತಿಳಿದಾಗ ನಮ್ಮ ಕಂಪ್ಯೂಟರಿನ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚಿತು.

ದೊಡ್ಡವರೂ ಇದನ್ನೇ ಮಾಡಿದ್ದಾರೆ. ಹತ್ತು ವರ್ಷದೊಳಗೆ ಯಾವ ಕಂಪ್ಯೂಟರೂ ತನ್ನನ್ನು ಚದುರಂಗದಲ್ಲಿ ಸೋಲಿಸಲಾರದು ಎಂದು 1968ರಲ್ಲಿ ಪಂಥ ಕಟ್ಟಿದ್ದ ಡೇವಿಡ್ ಲೆವಿ, 1978ರಲ್ಲಿ ಅದನ್ನು ಗೆದ್ದದ್ದು ಏನೂ ಮಾಡದೆ ಕಾಯುವ ನಡೆಗಳಿಂದ. ಯಂತ್ರ ತಾನೇ ಎಡವಲಿ ಎಂದು. 2003ರಲ್ಲಿ ನ್ಯೂಯಾರ್ಕಿನಲ್ಲಿ ಕಾಸ್ಪರೋವ್ ಫ್ರಿಟ್ಜ್ ಎದುರಿನ ಮೂರನೆಯ ಆಟದಲ್ಲಿ ಪದಾತಿಗಳಿಂದ ಹಲಗೆಗೆ ಗೋಡೆ ಹಾಕಿಬಿಟ್ಟರು. ಮುಂದೇನು ಎಂದು ತೋಚದೆ ಯಂತ್ರ ಕಾಯಿಗಳನ್ನು ಹಿಂದೆ ಮುಂದೆ ಆಡಿಸುತ್ತ ಸೋತಿತು. ಬಾಣಾವರಕ್ಕೂ ಕಡೂರಿಗೂ ನಡುವೆ ನಡೆದ ದಂಡೇ ಅದು.

ಈಗ ಆ ಕಾಲ ಹೋಯಿತು. ಮಗಳ ಗೆಳತಿಯರು ಹೊಸ ಆಟ ಕೈಗೆ ಬಂದ ಸಂಜೆಯೇ ವಿಡಿಯೊ ಹಾಕಿಕೊಂಡು ಕೂರುತ್ತಾರೆ. ಎಷ್ಟನೆಯ ಟರ್ನಿಗೆ ಎಲ್ಲಿ ಏನು ಕಟ್ಟಬೇಕು, ಕಂಪ್ಯೂಟರ್ ಎಲ್ಲಿ ಬೀಳುತ್ತದೆ ಎಂಬುದೆಲ್ಲ ಅದರಲ್ಲಿದೆ. ಅವರು ನಮಗಿಂತ ಬೇಗ ಗೆಲ್ಲುತ್ತಾರೆ, ನಿಜ. ಆದರೆ ದಂಡು ತಿರುಗಿದಾಗ ಉಸಿರು ಬಿಗಿಹಿಡಿದು ಕೂತದ್ದು ಅವರಿಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. 2023ರಲ್ಲಿ ಕೆಲಿನ್ ಪೆಲ್ರಿನ್ ಎಂಬ ಹವ್ಯಾಸಿ ಆಟಗಾರ ಗೋ ಆಟದಲ್ಲಿ ಕಟಾಗೋ ಎಂಬ ಬಲಿಷ್ಠ ಪ್ರೋಗ್ರಾಮನ್ನು 15ರಲ್ಲಿ 14 ಆಟ ಸೋಲಿಸಿದ ಸುದ್ದಿ ಬಂದಾಗ ಕುಣಿಯುವಷ್ಟು ಖುಷಿಯಾಗಿತ್ತು. ಆಮೇಲೆ ಪೂರ್ತಿ ಓದಿದೆ. ಆ ದೌರ್ಬಲ್ಯವನ್ನು ಹುಡುಕಿಕೊಟ್ಟದ್ದು ಇನ್ನೊಂದು ಪ್ರೋಗ್ರಾಂ, ಲಕ್ಷಗಟ್ಟಲೆ ಆಟ ಆಡಿ. ಆಡಿದ್ದು ಮನುಷ್ಯ, ನೋಡಿದ್ದು ಯಂತ್ರ. ಗಲ್ಲಕ್ಕೆ ಕೈ ಕೊಟ್ಟು ನೋಡುವ ಆ ಕೆಲಸವೂ ನಮ್ಮ ಕೈ ಬಿಟ್ಟಿತೇ ಎಂದು ಅವತ್ತು ಬಹಳ ಬೇಜಾರಾಯಿತು.

ಕಳೆದ ಭಾನುವಾರ ಹಳೆಯ ಆಟವನ್ನು ಮತ್ತೆ ಹಾಕಿದೆ. ಅದೇ ಹೆಸರುಗಳನ್ನು ಇಟ್ಟೆ. ನಡುರಾತ್ರಿಯ ಹೊತ್ತಿಗೆ ದಂಡು ಗಡಿ ದಾಟಿತು. ತಮ್ಮ ಈಗ ಪುಣೆಯಲ್ಲಿದ್ದಾನೆ, ಫೋನ್ ಮಾಡಿದರೆ ವರ್ಷಕ್ಕೆ ನಾಲ್ಕು ಮಾತು. ಆದರೂ ಮಾಡಿದೆ.

“ಮಲಗಿದ್ಯೇನೋ?”

“ಇಲ್ಲ, ಹೇಳು.”

“ಬಾಣಾವರ ಖಾಲಿ ಮಾಡಿದೀನಿ ಕಣೋ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡ ಶಬ್ದ.

“ತಿರುಗಿದ್ರಾ?” ಎಂದ.