ಒಂದು ಬೈಗುಳದ ಕಥೆ

ನಮ್ಮ ಆದೋನಿ ಕಡೆ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. ಬೈಯುವಾಗ ಮಾತ್ರ ಎರಡೂ ಒಂದೇ! ಕನ್ನಡದಲ್ಲಿ ‘ಮುಂಡೇಮಗ’, ತೆಲುಗಿನಲ್ಲಿ ‘ಮುಂಡಾಕೊಡುಕು’. 1953ರಲ್ಲಿ ಜಿಲ್ಲೆ ಒಡೆದು ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ಊರುಗಳು ಪಾಲಾದವು, ಬೈಗುಳ ಪಾಲಾಗಲಿಲ್ಲ.

ಒಮ್ಮೆ ಮಧ್ಯಾಹ್ನದ ಊಟದ ಸಾಲಿನಲ್ಲಿ ಇಬ್ಬರು ಹುಡುಗರ ಜಗಳ. ಒಬ್ಬ ಈ ಮಾತು ಅಂದುಬಿಟ್ಟ. ಇನ್ನೊಬ್ಬನ ತಂದೆ ತೀರಿಕೊಂಡು ಎರಡು ವರ್ಷ. ತಾಯಿ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ ಹೋಗಿದ್ದಳು. ಆ ಹುಡುಗ ತಿರುಗಿ ಹೊಡೆಯಲಿಲ್ಲ, ನಮ್ಮ ಹತ್ತಿರ ಬಂದು ನಿಂತ.

“ಸಾರ್, ಅವ ನಮ್ಮವ್ವಗ ಬೈದಾನ್ರಿ.”

“ಯಾಕಲೇ ಬೈದಿ?” ಅಂತ ಇನ್ನೊಬ್ಬನನ್ನು ಗದರಿದೆವು.

“ನೀವೂ ಅಂತೀರಲ್ರಿ ಸಾರ್!”

ಹೌದು. “ಗದ್ದಲ ಮಾಡಬ್ಯಾಡ್ರಲೇ ಮುಂಡೇವಾ” ಅಂತ ದಿನಕ್ಕೆ ನಾಲ್ಕು ಸಲ ನಾವೇ ಅಂತಿದ್ದೆವು. ನಮ್ಮ ಅಜ್ಜಿ ನಮ್ಮನ್ನು ಮುದ್ದು ಮಾಡುತ್ತಿದ್ದದ್ದೂ ಇದೇ ಮಾತಿನಿಂದ. ಇದರ ಅರ್ಥ ಏನೆಂದು ಎಂದೂ ಯೋಚಿಸಿರಲಿಲ್ಲ.

ಸಂಸ್ಕೃತದಲ್ಲಿ ‘ಮುಂಡ’ ಎಂದರೆ ಬೋಳಿಸಿದ ತಲೆ. ಗಂಡ ಸತ್ತವಳ ತಲೆ ಬೋಳಿಸಿದರು, ಅವಳು ‘ಮುಂಡೆ’ಯಾದಳು. ‘ಬೋಳಿ’ ಅನ್ನುವುದೂ ಅದೇ. ‘ರಂಡಾ’ ಎಂದರೆ ವಿಧವೆ. ಹಿಂದಿಯ ‘ರಂಡಿ’ಗೆ ಬರುವಷ್ಟರಲ್ಲಿ ಅರ್ಥ ಸೂಳೆ ಎಂದಾಯಿತು. ಇಂಗ್ಲಿಷರೇನು ಕಡಿಮೆಯಿಲ್ಲ. ಅವರ ‘ಹಸ್ಸಿ’ ಎಂಬ ಬೈಗುಳ ಹುಟ್ಟಿದ್ದು ‘ಹೌಸ್‌ವೈಫ್’ನಿಂದ, ಅಂದರೆ ಮನೆಯೊಡತಿಯಿಂದ! ಎಲ್ಲ ಕಡೆ ಬೈಗುಳ ಹೋಗಿ ಬೀಳುವುದು ಹೆಂಗಸಿನ ಮೇಲೆಯೇ.

ತಲೆ ಬೋಳಿಸುವ ಪದ್ಧತಿ ಇದ್ದದ್ದು ಮುಖ್ಯವಾಗಿ ಬ್ರಾಹ್ಮಣರ ಮನೆಗಳಲ್ಲಿ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಆ ಸಂಕಟ ಗೊತ್ತು. ದುಡಿದು ತಿನ್ನುವ ಎಷ್ಟೋ ಜಾತಿಗಳಲ್ಲಿ ಉಡಿಕೆ ಇತ್ತು, ತೆಲುಗಿನವರಲ್ಲಿ ಮಾರುಮನುವು. ಗಂಡ ಸತ್ತವಳು ಮತ್ತೆ ಸಂಸಾರ ಹೂಡಬಹುದಿತ್ತು. ಆದರೂ ಬೈಗುಳ ಆ ಮನೆಗಳಿಗೂ ಬಂತು. 1856ರಲ್ಲಿ ವಿಧವಾ ವಿವಾಹದ ಕಾನೂನಾಯಿತು. 1881ರಲ್ಲಿ ಕಂದುಕೂರಿ ವೀರೇಶಲಿಂಗಂ ರಾಜಮಂಡ್ರಿಯಲ್ಲಿ ವಿಧವೆಯ ಮದುವೆ ಮಾಡಿಸಿದರು. ಕ್ಷೌರದ ಕತ್ತಿ ಹೋಯಿತು, ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ಮರುದಿನ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆವು. ಯಾರೂ ನಗಲಿಲ್ಲ. ಆ ಹುಡುಗ ಎದ್ದು ನಿಂತ.

“ಹಂಗಾದ್ರ ನಮ್ಮವ್ವ ಮುಂಡೇನಾ ಸಾರ್?”

ತಟ್ಟನೆ ಉತ್ತರ ಹೊಳೆಯಲಿಲ್ಲ. “ನಿಮ್ಮವ್ವನ ಹೆಸರೇನಪ್ಪಾ?” ಅಂದೆವು. ಹೇಳಿದ. “ಅದೇ ಆಕಿ ಹೆಸರು. ಬ್ಯಾರೆ ಇಲ್ಲ” ಅಂದೆವು. ಸುಮ್ಮನೆ ಕುಳಿತ.

ನಲವತ್ತು ದಾಟಿದ ನಾಲಿಗೆ, ಬೇಗ ತಿದ್ದುವುದಿಲ್ಲ ಸ್ನೇಹಿತರೇ. ಮೊನ್ನೆಯೂ ಗದ್ದಲಕ್ಕೆ “ಮುಂ...” ಅಂತ ಶುರುವಾಯಿತು. ಮುಂದೆ ಕುಳಿತವರು ಬಾಯಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡಿದರು.

“ಮುಂದಕ್ಕ ಓದ್ರಪ್ಪಾ” ಅಂದುಬಿಟ್ಟೆವು.