ಪಾಪಿನಾಯಕನಹಳ್ಳಿಯ ಕರಿಯ ಚೇಳು

ಹೊಸಪೇಟೆಯನ್ನು ಬಿಟ್ಟು ಬಳ್ಳಾರಿಯ ಮಾರ್ಗವನ್ನು ಹಿಡಿದವರಿಗೆ ಪಾಪಿನಾಯಕನಹಳ್ಳಿಯು ಬಹು ಬೇಗನೆ ಎದುರಾಗುವುದು. ಹಂಪಿಯ ಯಾತ್ರಿಕರು ಇಲ್ಲಿ ಇಳಿಯುವುದು ಅಪರೂಪ. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳು. ದಾರಿಯಲ್ಲಿ ಅದಿರಿನ ಲಾರಿಗಳು. ಅವು ಎಬ್ಬಿಸುವ ಕೆಂಧೂಳಿಯಿಂದ ಬೇವಿನೆಲೆಯೂ ಕೆಂಪು. ಶಿಷ್ಯನೊಬ್ಬನ ಮಗಳ ಮದುವೆಗೆಂದು ಬಿಳಿಯ ಪಂಚೆಯನ್ನುಟ್ಟು ಹೊರಟ ನಾನು ಅವನ ಮನೆಯನ್ನು ಮುಟ್ಟುವಷ್ಟರಲ್ಲಿ ಕಾಷಾಯಧಾರಿಯಾಗಿದ್ದೆನು.

ಬಾಗಿಲಿಗೆ ಬಂದವರು ಶಿಷ್ಯನ ತಾಯಿ. “ಒಳಗೆ ಬರ್ರಿ ಮೇಷ್ಟ್ರೇ, ನಿಮ್ಮ ಹುಡುಗನ ಮುಖ ನೋಡ್ರಿ” ಎಂದರು. ನೋಡಿದೆನು, ಗುರುತೇ ಸಿಕ್ಕಲಿಲ್ಲ. ರೆಪ್ಪೆಗಳು ಊದಿ ಕಣ್ಣು ಮುಚ್ಚಿದ್ದುವು. ಕಿವಿಗಳ ಅಂಚಿನಲ್ಲಿ ಗುಳ್ಳೆಗಳೆದ್ದು ನೀರು ಒಸರುತ್ತಿತ್ತು. ಎರಡು ದಿನಗಳ ಹಿಂದೆ ಕೂದಲಿಗೆ ಕಪ್ಪು ಬಣ್ಣವನ್ನು ಹಚ್ಚಿಸಿಕೊಂಡಿದ್ದನಂತೆ. “ಮದುವೆಯಲ್ಲಿ ಫೋಟೋ ತೆಗೀತಾರಲ್ಲ, ಗುರುಗಳೇ” ಎಂದು ನಾಚಿಕೊಂಡು ಹೇಳಿದನು.

ಹೊಸಪೇಟೆಯ ವೈದ್ಯರು ಅವನನ್ನು ಕೇಳಿದ ಮೊದಲನೆಯ ಪ್ರಶ್ನೆಯೇ ವಿಚಿತ್ರವಾದುದು: “ಹಿಂದೆ ಎಂದಾದರೂ ಜಾತ್ರೆಯಲ್ಲಿ ಮೈಮೇಲೆ ಕರಿಯ ಚಿತ್ರವನ್ನು ಬರೆಯಿಸಿಕೊಂಡಿದ್ದಿರೇನು?” ಬರೆಯಿಸಿಕೊಂಡಿದ್ದನು. ಎಂಟು ವರ್ಷಗಳ ಹಿಂದೆ, ಮಕ್ಕಳ ಹಟಕ್ಕೆ, ಮುಂದೋಳಿನ ಮೇಲೆ ಒಂದು ಚೇಳು. ಹತ್ತು ದಿನಗಳಲ್ಲಿ ಅಳಿಸಿಹೋಗುವುದೆಂದು ಬರೆದವನು ಹೇಳಿದ್ದನು. ಬಣ್ಣವೇನೋ ಅಳಿಯಿತು, ಆದರೆ ಅಲ್ಲಿ ತುರಿಕೆಯೂ ಗುಳ್ಳೆಯೂ ಎದ್ದು, ಚೇಳಿನ ಆಕಾರವು ಬಿಳಿಚಿಕೊಂಡು ಇಂದಿಗೂ ಉಳಿದಿದೆ. ಜಾತ್ರೆಯಲ್ಲಿ ಕುಟುಕದ ಆ ಚೇಳು ಎಂಟು ವರ್ಷಗಳ ತರುವಾಯ ಕುಟುಕಿತು!

ಇದರ ಮರ್ಮವನ್ನು ಗೃಹಸ್ಥರು ತಿಳಿದಿರಬೇಕು. ಮದರಂಗಿಯ ಎಲೆ ಕಪ್ಪು ಬಣ್ಣವನ್ನು ಕೊಡುವುದೇ ಇಲ್ಲ. ಅದು ಮೊದಲು ಕಿತ್ತಳೆ, ಆಮೇಲೆ ಕೆಂಗಂದು. ಅದಕ್ಕೂ ಗಂಟೆಗಟ್ಟಲೆ ಕಾಯಬೇಕು. ಅರ್ಧ ಗಂಟೆಯಲ್ಲೇ ಕಾಡಿಗೆಯಂತೆ ಕಪ್ಪಾಗುವ “ಕರಿ ಮದರಂಗಿ”ಗೆ ಸಾಮಾನ್ಯವಾಗಿ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ದ್ರವ್ಯವನ್ನು ಬೆರಸಿರುತ್ತಾರೆ. ಕೂದಲಿನ ಬಣ್ಣಗಳಲ್ಲಿ ಇರುವುದೂ ಬಹುಮಟ್ಟಿಗೆ ಅದೇ. ಯುರೋಪಿನ ನಿಯಮದಂತೆ, ತಲೆಗೆ ಹಚ್ಚುವಾಗ ಅದು 100ಕ್ಕೆ 2 ಪಾಲನ್ನು ಮೀರಬಾರದು. ಚರ್ಮದ ಮೇಲೆ ಚಿತ್ರವನ್ನು ಬರೆಯಲು ಅದಕ್ಕೆ ಅಪ್ಪಣೆಯೇ ಇಲ್ಲ. ಪರೀಕ್ಷಿಸಿದ ಕೆಲವು ಕರಿ ಮದರಂಗಿಗಳಲ್ಲಾದರೋ 100ಕ್ಕೆ 15 ಪಾಲನ್ನೂ ಮೀರಿದ್ದುಂಟು. 2006ರಲ್ಲಿ ಅಮೆರಿಕದ ಚರ್ಮವೈದ್ಯರ ಸಂಘವೊಂದು ಇದನ್ನೇ “ವರ್ಷದ ಅಲರ್ಜಿಕಾರಕ”ವೆಂದು ಹೆಸರಿಸಿತು. ದೇಹವು ಇದನ್ನು ಒಮ್ಮೆ ಶತ್ರುವೆಂದು ಗುರುತಿಸಿತೆಂದರೆ ಆ ಹಗೆಯನ್ನು ಪ್ರಾಯಶಃ ಜೀವಮಾನವೆಲ್ಲ ಮರೆಯದು. ನನ್ನ ಶಿಷ್ಯನಿಗೆ ವ್ಯಾಕರಣಸೂತ್ರಗಳು ಅಷ್ಟು ನೆನಪಿನಲ್ಲಿ ಉಳಿದಿದ್ದರೆ!

ಅಜ್ಜಿಯ ಎರಡು ತೋಳುಗಳಲ್ಲಿಯೂ ಹಚ್ಚೆಯಿತ್ತು. ಹುಬ್ಬುಗಳ ನಡುವೆಯೂ ಒಂದು ಬೊಟ್ಟು. ಬಾಲ್ಯದಲ್ಲಿ ಕೊರವರ ಹೆಂಗಸು ಮನೆಯ ಮುಂದೆ ಕುಳಿತು, ಹಾಡುತ್ತ, ದೀಪದ ಮಸಿಯನ್ನು ಸೂಜಿಯಿಂದ ಚುಚ್ಚಿದ್ದಳಂತೆ. “ನನಗೇನೂ ಆಗಲಿಲ್ಲ. ಇವನಿಗೆ ಚುಚ್ಚದೆ ಬರೆದದ್ದು ಹೀಗಾಯ್ತು ನೋಡ್ರಿ” ಎಂದು ಅವರು ಗೆದ್ದವರಂತೆ ಹೇಳಿದರು. ನಾನು ಅಷ್ಟನ್ನೂ ಒಪ್ಪಲಿಲ್ಲ. ಒಂದೇ ಸೂಜಿ ಹತ್ತು ತೋಳುಗಳಲ್ಲಿ ಸಂಚರಿಸಿದರೆ ರಕ್ತದೊಡನೆ ಕಾಮಾಲೆಯ ರೋಗಾಣುವೂ ಸಂಚರಿಸಬಲ್ಲದು. ಆದರೆ ಮಸಿಯು ಆ ದ್ರವ್ಯವಲ್ಲ. ಇಷ್ಟು ಮಟ್ಟಿಗೆ ಅಜ್ಜಿಯ ಮಾತೇ ನಿಜ.

ಇಷ್ಟರಲ್ಲಿ ಮದುಮಗಳು ತಟ್ಟೆಯನ್ನು ಹಿಡಿದು ಬಂದಳು. ಅದರಲ್ಲಿ ಸಂತೆಯಿಂದ ತಂದ ಆರು ಕೋನುಗಳು. “ಇದು ಬೇಗ ಕಪ್ಪಾಗ್ತದೆ, ತಾತ” ಎಂದಳು. ನಾನು ಕನ್ನಡಕವನ್ನು ಹಾಕಿಕೊಂಡು ತಿರುಗಿಸಿ ನೋಡಿದೆನು. ಒಳಗೆ ಏನಿದೆಯೆಂದು ಒಂದಕ್ಷರವೂ ಇಲ್ಲ. ತಂದೆಯ ಕೂದಲಿನ ಬಣ್ಣದ ಪೆಟ್ಟಿಗೆಯನ್ನು ತರಿಸಿದೆನು. ಅಲ್ಲಿ ಆ ದ್ರವ್ಯದ ಹೆಸರೂ ಇತ್ತು, ಮೊದಲು ಸ್ವಲ್ಪವನ್ನು ಚರ್ಮಕ್ಕೆ ಹಚ್ಚಿ 48 ಗಂಟೆ ಕಾಯಬೇಕೆಂಬ ಎಚ್ಚರಿಕೆಯೂ ಇತ್ತು, ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ. ಆದರೆ ಕರಿಯ ಚಿತ್ರದಿಂದ ಒಮ್ಮೆ ಗುಳ್ಳೆಯೆದ್ದವರು ಈ ಪರೀಕ್ಷೆಯ ಗೋಜಿಗೂ ಹೋಗದೆ ಅಂತಹ ಬಣ್ಣವನ್ನೇ ಬಿಡಬೇಕೆಂದು ವೈದ್ಯರು ಹೇಳಿದ್ದರು. ಮುಖವು ಊದಿ ಉಸಿರು ಕಟ್ಟುವಂತಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕೆಂದೂ ಹೇಳಿದ್ದರು.

ಹುಡುಗಿಯ ಮುಖ ಬಾಡಿತು. ಅಜ್ಜಿ ಮಾತನಾಡದೆ ಎದ್ದು, ಹಿತ್ತಿಲ ಬೇಲಿಯ ಮದರಂಗಿಯನ್ನು ಮಡಿಲ ತುಂಬ ಕಿತ್ತು ತಂದು ಒರಳಿಗೆ ಹಾಕಿದರು. ರಾತ್ರಿಯೆಲ್ಲ ಹುಡುಗಿಯ ಕೈಗಳಿಗೆ ಬಟ್ಟೆಯನ್ನು ಸುತ್ತಿದ್ದರು.

ಮರುದಿನ ಧಾರೆಯ ಹೊತ್ತಿಗೆ ಶಿಷ್ಯನ ಒಂದು ಕಣ್ಣು ತೆರೆದಿತ್ತು. ಆ ಒಂದೇ ಕಣ್ಣಿನಿಂದ ಅವನು ಮಗಳ ಕೆಂಪು ಕೈಯನ್ನು ನೋಡಿ ನೀರೆರೆದನು. ಫೋಟೋ ತೆಗೆಯುವವನನ್ನು ಮಾತ್ರ ಎಡಗಡೆಯಲ್ಲಿ ನಿಲ್ಲುವಂತೆ ಬೇಡಿಕೊಂಡನು.